ಫೋಟೋಕ್ಕ ಒಂದೀಟು ಕೆಮ್ಮು

"ಏ ಪೋರಿ, ಹಲ್ಲು ಮುಚ್ಚು! ರೋಗಿ ಇದ್ದಿಯೋ, ಮದಲಗಿತ್ತಿ ಇದ್ದಿಯೋ? ನಾಳಿ ಸಾಯಾಕಿ ಹಿಂಗ ಕಿಸೀತಾಳೇನು?"

ವೇದಿಕೆಯ ಮೇಲಿಂದ ಅಜಿಂಕ್ಯ ಮೊಬೈಲ್ ಹಿಡಿದೇ ಒದರಿದ. ಡಾಬಕಾದ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿತ್ತು. ಅಂದು ಅಜಿಂಕ್ಯನ ಕಾಕಾ ಮಕರಂದರಾವ ಮಾಲಕರ ಹುಟ್ಟುಹಬ್ಬ, ಅದರ ಜೊತೆಗೆ ರಕ್ತದಾನದ ಶಿಬಿರ. ಊರ ಸುತ್ತಲಿನ ತೊಗರಿ ಅವರದು, ಸೋಯಾ ಅವರದು, ಔರಾದದ ಗೊಬ್ಬರದಂಗಡಿ ಅವರದು. ಕೆಳಗೆ ಕೂತ ಮಂದಿಯ ಬೆನ್ನೂ ಅವರದೇ ಇರಬೇಕು, ಅಷ್ಟು ಬಗ್ಗಿತ್ತು.

ಸಾನಿಕಾ ಹಲ್ಲು ಮುಚ್ಚಿದಳು. ಆದರೆ ಕೆನ್ನೆಯನ್ನು ಎಲ್ಲಿ ಮುಚ್ಚುವುದು? ಮೊನ್ನೆಯಷ್ಟೇ ಬೀದರಿಗೆ ಹೋಗಿ ಒಂದು ಚೀಲ ರಕ್ತ ಏರಿಸಿಕೊಂಡು ಬಂದವಳು. ರಕ್ತ ಹೊಸದಾಗಿದ್ದಾಗ ಅವಳ ಮುಖ ಆಗತಾನೇ ತೊಳೆದ ಪೇರಲ ಹಣ್ಣಿನ ಹಾಗೆ ಮಿನುಗುತ್ತಿತ್ತು. ಹಿಂದಿನ ಫ್ಲೆಕ್ಸಿನಲ್ಲಿ 'ಮಾಲಕರು ಸಾವಿನ ದವಡೆಯಿಂದ ಪಾರು ಮಾಡಿದ ಬಾಲಕಿ' ಎಂದು ಬರೆಸಿದ್ದರು. ಹುಡುಗಿಯನ್ನು ನೋಡಿದರೆ ಸಾವಿನ ದವಡೆಗೇ ಕಚಗುಳಿಯಿಟ್ಟು ಬಂದವಳಂತಿದ್ದಳು.

"ಪೌಡರ್ ತರ್ರಿ ಪೌಡರ್!" ಅಜಿಂಕ್ಯ ಚೀರಿದ.

ಯಾರೋ ಡಬ್ಬಿ ತಂದರು. ಒಬ್ಬ ಅವಳ ಗದ್ದ ಹಿಡಿದ, ಇನ್ನೊಬ್ಬ ಸುಣ್ಣ ಹೊಡೆದಂತೆ ಮುಖಕ್ಕೆಲ್ಲ ಬಳಿದ. ಸಾನಿಕಾ ಸೀನಿದಳು. ಬಿಳಿ ಮೋಡವೊಂದು ಎದ್ದು ಮಾಲಕರ ಹೊಸ ಕೋಟಿನ ಮೇಲೆ ಕೂತಿತು.

"ಆತು, ಈಗ ಕೆಮ್ಮಲಿ," ಮಾಲಕರು ಕೋಟು ಝಾಡಿಸುತ್ತ ಅಂದರು. "ಫೋಟೋಕ್ಕ ಒಂದೀಟು ಕೆಮ್ಮಿದ್ರ ಛಂದ ಕಾಣ್ತಾದ."

"ಮಾಲಕ, ನಂದು ಕೆಮ್ಮಿನ ರೋಗ ಅಲ್ರಿ. ರಕ್ತದ ರೋಗ ಅದ ರೀ."

"ರಕ್ತ ಫೋಟೋದಾಗ ಕಾಣ್ತದೇನು? ಕೆಮ್ಮು ಅಂದ್ರ ಕೆಮ್ಮು."

ಸರಿ, ಕೇಳಿದ್ದನ್ನು ಕೊಡಬೇಕಲ್ಲ. ಸಾನಿಕಾ ಎದೆ ಹಿಡಿದುಕೊಂಡಳು. ಸಿನಿಮಾದ ವಿಧವೆ ತಾಯಿ ಕೊನೆಯ ರೀಲಿನಲ್ಲಿ ಹೊಲಿಗೆ ಯಂತ್ರದ ಮೇಲೆ ಬೀಳುತ್ತಾಳಲ್ಲ, ಆ ಕೆಮ್ಮು ಕೆಮ್ಮಿದಳು. ತೂರಾಡಿ ತಂದೆ ನಾಗಸೇನನ ತೋಳಿಗೆ ಬಿದ್ದಳು. ಕಣ್ಣು ಮೇಲಕ್ಕೆ ಮಾಡಿ, ಮೈಕಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದಳು:

"ಅಪ್ಪಾ... ನಾ ಹೊಂಟೆ... ಕೊನಿ ಆಸಿ ಒಂದೇ ಉಳದದ..."

ಅಜಿಂಕ್ಯ ಮೊಬೈಲ್ ಇನ್ನೂ ಹತ್ತಿರ ತಂದ.

"...ಗರಂ ಸಮೋಸಾ."

ಮಂಚಗಳ ಮೇಲೆ ಮಲಗಿದ್ದ ಕೇರಿಯ ಹುಡುಗರು ಸೀಟಿ ಹೊಡೆದರು. ಕೈಗೆ ಸೂಜಿ ಚುಚ್ಚಿಸಿಕೊಂಡವರೂ ನಕ್ಕರು. ಮಾಲಕರ ಮುಖ ಕಪ್ಪಿಟ್ಟಿತು. ಹುಡುಗಿಗೆ ಹೊಡೆಯುವಂತಿರಲಿಲ್ಲ, ಕ್ಯಾಮೆರಾ ಅವಳ ಮೇಲಿತ್ತು. ಅದಕ್ಕೇ ಕ್ಯಾಮೆರಾದ ಅಂಚಿನಾಚೆ ಇದ್ದ ನಾಗಸೇನನ ಕಪಾಳಕ್ಕೆ ಬಾರಿಸಿದರು. ಬೆಳಗಿನಿಂದ ಶಾಮಿಯಾನದ ಗೂಟ ಬಡಿದಿದ್ದ ನಾಗಸೇನ ಕೈಮುಗಿದುಕೊಂಡೇ ಆ ಏಟು ತಿಂದ. ಮಗಳನ್ನು ಹಿಡಿದಿದ್ದ ತೋಳು ಅಲುಗಾಡಲಿಲ್ಲ.

"ಸೂಳಿಮಗನ, ಪೋರಿಗಿ ಬುದ್ಧಿ ಕಲಸು. ಇಲ್ಲಂದ್ರ ಮುಂದಿನ ತಿಂಗಳು ಕಾರ್ಡ್ ಹ್ಯಾಂಗ ಸಿಗ್ತದ ನೋಡ್ತೇನಿ."

ಸಾನಿಕಾ ಆಮೇಲೆ ಕೆಮ್ಮಿದಳು. ತಮಾಷೆಯಿಲ್ಲದೆ, ತಲೆ ತಗ್ಗಿಸಿ ಕೆಮ್ಮಿದಳು. ಫೋಟೋ ಛಂದ ಬಂತು.

*

ಅದು ಹೋದ ವರ್ಷದ ಮಾತು. ಆ ಕಾರ್ಡಿನ ಸಂಗತಿ ಹೇಳದಿದ್ದರೆ ಈ ಕಥೆಗೆ ಕಾಲು ಬರುವುದಿಲ್ಲ.

ಸಾನಿಕಾ ಆರು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಬಿಸಿಯೂಟದ ಗಂಗಾಳ ಅವಳ ಎಡಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಲು ಹೋದರೆ ಕೈ ಬರಲಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಬೀದರಿನ ಡಾಕ್ಟರು ಇದು ಸಿಕಲ್ ಸೆಲ್ ಅಂದರು. ದುಂಡಗಿರಬೇಕಾದ ರಕ್ತದ ಕಣಗಳು ಇವಳ ಮೈಯಲ್ಲಿ ಕುಡಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಈ ಸಲ ಸಿಕ್ಕಿದ್ದು ಮೆದುಳಿನಲ್ಲಿ. ಕೈ, ಬಾಯಿ ಸರಿಯಾಗುತ್ತವೆ. ಆದರೆ ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸುತ್ತಲೇ ಇರಬೇಕು, ವರ್ಷಗಟ್ಟಲೆ. ತಪ್ಪಿದರೆ ಮತ್ತೆ ಹೊಡೆಯುತ್ತದೆ, ಆಗ ಎದ್ದೇಳುತ್ತಾಳೆಂಬ ಭರವಸೆಯಿಲ್ಲ ಅಂದರು.

ತಾಯಿಯಿಲ್ಲದ ಸಾನಿಕಾಳನ್ನು ಸಾಕಿದವಳು ಅಜ್ಜಿ ಸುಭದ್ರಾಬಾಯಿ. ಡಾಕ್ಟರು ತೋರಿಸಿದ ಚಿತ್ರವನ್ನು ಮುದುಕಿ ಬಹಳ ಹೊತ್ತು ನೋಡಿದಳು.

"ಕುಡಗೋಲೇ ಅದ ನೋಡು ಥೇಟ್. ಮಾಲಕನ ಹೊಲದಾಗ ಕೊಯ್ದದ್ದು ಸಾಲಲಿಲ್ಲಂತ, ಈಗ ಒಳಗ ಹೊಕ್ಕು ನಮ್ಮನ್ನೇ ಕೊಯ್ಲತ್ತಾದ ಹಾಟ್ಯಾಂದು."

ರಕ್ತ ಏರಿಸಿ ಏರಿಸಿ ಮೈಯಲ್ಲಿ ಕಬ್ಬಿಣ ಕೂಡುತ್ತದೆ, ಅದನ್ನು ತೆಗೆಯಲು ದಿನಾ ಗುಳಿಗೆ ನೀರಿನಲ್ಲಿ ಕದಡಿ ಕುಡಿಯಬೇಕು ಎಂದಾಗ ಮುದುಕಿ ಕೇಳಿದಳು: "ಗುಜರಿಯಾವ ತಗೊಂತಾನೇನ್ರಿ ಸಾಹೇಬ್ರ?" ಈ ಕಬ್ಬಿಣದ ಸುದ್ದಿ ಶಾಲೆಗೂ ಹೋಯಿತು. ಸಾನಿಕಾ ಅಂಗೈಯಲ್ಲಿ ಒಡೆದ ಸ್ಪೀಕರಿನ ಅಯಸ್ಕಾಂತ ಅಡಗಿಸಿಕೊಂಡು, ಮೇಷ್ಟರ ಗುಂಡುಸೂಜಿಗಳನ್ನು ಮುಟ್ಟದೇ ಎಬ್ಬಿಸಿ ತೋರಿಸಿದಳು. ಅಂದಿನಿಂದ ಅವಳನ್ನು ತಳ್ಳುವ ಧೈರ್ಯ ಯಾರೂ ಮಾಡಲಿಲ್ಲ. ತರಗತಿಗೆ ಬರುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು, ಕೂದಲು ಹಿಂದಕ್ಕೆ ಒಗೆದು ಅನ್ನುತ್ತಿದ್ದಳು: "ಸಾನಿಕಾ ಎಂಟ್ರಿ ಕೊಟ್ಟಳಂದ್ರ, ಸಾವಿಗಿ ಇಂಟರ್ವಲ್!"

ಈಗ ಕಾರ್ಡು. ಇಂಥ ಮಕ್ಕಳಿಗೆ ರಕ್ತ ಪುಕ್ಕಟೆ, ಬದಲಿಗೆ ಯಾರೂ ರಕ್ತ ಕೊಡಬೇಕಾಗಿಲ್ಲ ಎಂದು ಬೀದರಿನ ಆ ಬ್ಲಡ್ ಬ್ಯಾಂಕಿನ ಗೋಡೆಯ ಮೇಲೆ ಬೋರ್ಡಿತ್ತು. ಬೋರ್ಡಿನ ಕೆಳಗೆ ಕೂತವನ ಕಾನೂನು ಬೇರೆ. ಒಂದು ಚೀಲ ಬೇಕೆಂದರೆ ರಕ್ತ ಕೊಡುವ ಆಳು ತರಬೇಕು, ಇಲ್ಲವೇ ಶಿಬಿರದಲ್ಲಿ ರಕ್ತ ಕೊಟ್ಟವರ ಕಾರ್ಡು ತರಬೇಕು. ಶಿಬಿರ ಮಾಲಕರದು. ರಕ್ತ ಕೇರಿಯದು. ಹುಟ್ಟುಹಬ್ಬಕ್ಕೆ ಮಂಚದ ಮೇಲೆ ಮಲಗದವನಿಗೆ ತೊಗರಿ ಕೊಯ್ಲಿಗೆ ಕರೆ ಬರುತ್ತಿರಲಿಲ್ಲ. ಮಲಗಿ ಎದ್ದವನಿಗೆ ಒಂದು ಬಾಳೆಹಣ್ಣು, ಒಂದು ಬಿಸ್ಕೀಟಿನ ಪುಡಿಕೆ, ಒಂದು ಕಾರ್ಡು. ಬಾಗಿಲಲ್ಲಿ ಅಜಿಂಕ್ಯ ನಿಂತಿರುತ್ತಿದ್ದ: "ಕಾರ್ಡ್ ಇಲ್ಲಿ ಇಡ್ರಿ. ನೀವು ಕಳಕೋತೀರಿ, ಮಾಲಕರ ಹತ್ರ ಭದ್ರ ಇರ್ತಾವ." ಬಾಳೆಹಣ್ಣು ಮಾತ್ರ ಒಯ್ಯಬಹುದಿತ್ತು.

ಹೀಗೆ ಕೇರಿಯ ರಕ್ತ ಮಾಲಕರ ಮೇಜಿನ ಖಾನೆ ಸೇರಿತು. ತಿಂಗಳು ತಿಂಗಳು ನಾಗಸೇನ ವಾಡೆಗೆ ಹೋಗಿ ಟ್ರ್ಯಾಕ್ಟರ್ ತೊಳೆದು, ಕೊಟ್ಟಿಗೆ ಬಳಿದು, ಕೈಚಾಚಿ ಒಂದು ಕಾರ್ಡು ಪಡೆಯುತ್ತಿದ್ದ. ಪಡೆಯುವಾಗ ರೀಲು. ಒಂದು ತಿಂಗಳು ಸಾನಿಕಾ ಕಾಲಿಗೆ ಬೀಳುವ ರೀಲು, ಇನ್ನೊಂದು ತಿಂಗಳು ರಾಖಿ ಕಟ್ಟುವ ರೀಲು. ಅದೂ ಹಳೆಯದಾದಾಗ ಅಜಿಂಕ್ಯ ಅವಳನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ. ಮಾಲಕರು ಕಾರ್ಡನ್ನು ಹಣೆಗೆ ಮುಟ್ಟಿಸುತ್ತಲೇ ಅವಳು ಎದ್ದು ಕೂತಳು. ಆ ರೀಲು ಗಡಿ ದಾಟಿ ಮಹಾರಾಷ್ಟ್ರದಲ್ಲೂ ಓಡಿತು. ಬೇರೆ ಊರಿನ ಶಿಬಿರಗಳಿಂದ ಕರೆ ಬಂದವು. ಠಾಣಾ ಕುಶನೂರಿಗೆ ಹೋದರು, ಭಾಲ್ಕಿಗೆ ಹೋದರು.

ಭಾಲ್ಕಿಯ ಶಿಬಿರದವನೊಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇದೇ ಹುಡುಗಿ ಏನ್ರಿ? ರೀಲಿನಾಗ ಸತ್ತಿದ್ಲಲ್ಲ?" ಅಂದ.

"ಹೋದ ತಿಂಗಳು ಸತ್ತಿದ್ದೆ ರೀ ಕಾಕಾ," ಸಾನಿಕಾ ಅಂದಳು. "ಈ ತಿಂಗಳು ಟೈಮ್ ಸಿಗಲಿಲ್ಲ."

ಅವಳು ಮಾಲಕರ ದೊಡ್ಡ ಗುಟ್ಟನ್ನು ಹತ್ತಿರದಿಂದ ಕಂಡಿದ್ದು ಅಲ್ಲಿಯೇ. ಮಾಲಕರೂ ಅಂದು ಮಂಚದ ಮೇಲೆ ಮಲಗಿದ್ದರು. ರಕ್ತ ಕೊಡುವವರ ಚೀಲ ಮಂಚದ ಕೆಳಗಿರುತ್ತದೆ. ಮಾಲಕರದು ಮಾತ್ರ ಸ್ಟ್ಯಾಂಡಿನ ಮೇಲೆ ತೂಗುತ್ತಿತ್ತು, ಕ್ಯಾಮೆರಾಕ್ಕೆ ಕಾಣಲೆಂದು. ದೊಡ್ಡವರ ರಕ್ತ ಮೇಲ್ಮುಖವಾಗಿ ಹರಿಯುತ್ತಿತ್ತು. ನಳಿಗೆ ಅವರ ಅಂಗಿಯ ತೋಳಿನೊಳಗೆ ಹೊಕ್ಕು ಅಲ್ಲಿಯೇ ಬಟ್ಟೆಯಡಿ ಮಲಗಿತ್ತು. ಮಾಲಕರಿಗೆ ಸೂಜಿಯೆಂದರೆ ಜೀವಭಯ. ವಾಡೆಯಲ್ಲಿ ಗುಂಡಿ ಹೊಲಿಯುವುದೂ ಅವರು ಹೊರಗೆ ಹೋದಾಗಲೇ. ಚೀಲದ ತುಂಬ ಇದ್ದದ್ದು ಗುಲಾಬಿ ಶರಬತ್ತು. ಕೇರಿಯಲ್ಲಿ ಎಲ್ಲರಿಗೂ ಅನುಮಾನವಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಇರುವೆಗಳಿಗೆ ಮಾತ್ರ ಮಾಲಕರ ಭಯವಿರಲಿಲ್ಲ. ಸ್ಟ್ಯಾಂಡಿನ ಕಾಲಿನಿಂದ ಚೀಲದವರೆಗೆ ಸಾಲು ಹಿಡಿದು ಹತ್ತುತ್ತಿದ್ದವು.

"ಮಾಲಕ, ನಿಮ್ಮ ರಕ್ತಕ್ಕ ಇರಬಿ ಹತ್ಯಾವ ರೀ."

"ಬಾಯಿ ಮುಚ್ಚು," ಅಜಿಂಕ್ಯ ಹಲ್ಲು ಕಡಿದ. "ಮಾಲಕರಿಗಿ ಶುಗರ್ ಅದ."

*

ಈ ವರ್ಷ ಹುಟ್ಟುಹಬ್ಬಕ್ಕೆ ಬೆಂಗಳೂರಿನಿಂದ ಪಕ್ಷದ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಅವರು ಬಂದು ಹೋದರೆ ಮಾಲಕರಿಗೆ ಟಿಕೇಟು ಖಾಯಂ ಎಂದು ಔರಾದದ ಚಹಾದಂಗಡಿಗಳಲ್ಲಿ ಮಾತಿತ್ತು. ಸಾನಿಕಾಳ ರಕ್ತದ ತಾರೀಖು ಅದಕ್ಕೂ ಒಂದು ವಾರ ಮೊದಲೇ ಬಂತು. ನಾಗಸೇನ ಮಗಳನ್ನು ಕರಕೊಂಡು ವಾಡೆಗೆ ಹೋದ. ಸಾನಿಕಾ ಹೊಸ್ತಿಲಿನಾಚೆ, ಚಪ್ಪಲಿಗಳ ಪಕ್ಕ ನಿಂತಳು.

ಅಜಿಂಕ್ಯ ಹೊಸ ಕ್ಯಾಮೆರಾ ಒರೆಸುತ್ತಿದ್ದ. "ಈ ಸಲ ಕಾರ್ಡ್ ಕಾರ್ಯಕ್ರಮ ಮುಗದ ಮ್ಯಾಲ," ಅಂದ.

"ಯಾಕ್ರಿ ಸಾಹೇಬ?"

"ಈ ಕ್ಯಾಮೆರಾದಾಗ ಪೌಡರ್ ಗೊತ್ತಾಗ್ತದ. ನ್ಯಾಚುರಲ್ ಬೇಕು. ಈಗ ರಕ್ತ ಹಾಕಿಸಿದಿ ಅಂದ್ರ ಪೋರಿ ಮತ್ತ ಟಮಾಟಿ ಆಗ್ತಾಳ. ಒಂದು ವಾರ ಒಣಗಲಿ."

ನಾಗಸೇನನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮಾಲಕರ ಕಾಲ ಹತ್ತಿರ ಕೂತ. "ಮಾಲಕ, ತಾರೀಖು ತಪ್ಪಬಾರದಂತ ಡಾಕ್ಟರ್ ಹೇಳ್ಯಾರ ರೀ. ಮೊದಲೇ ಒಮ್ಮಿ ಹೊಡದದ. ಮತ್ತ ಹೊಡದ್ರ ಹುಡುಗಿ ಕೈಗಿ ಬರಂಗಿಲ್ಲ ರೀ. ನೀವು ಹೇಳಿದ್ದು ಎಲ್ಲಾ ಮಾಡ್ತೇನಿ. ಇದೊಂದು ಬ್ಯಾಡ ರೀ."

ಮಾಲಕರು ಪೇಪರಿನಿಂದ ಕಣ್ಣು ಎತ್ತಲಿಲ್ಲ. "ಒಂದು ವಾರಕ್ಕ ಯಾರೂ ಸಾಯಂಗಿಲ್ಲ ಹೋಗು. ಸತ್ರ ನಾ ಇದ್ದೀನಲ್ಲ."

ಹೊಸ್ತಿಲಿನಾಚೆ ಸಾನಿಕಾಳಿಗೆ ನಗು ಬಂತು. ಇಂಥ ಡೈಲಾಗು ಯಾವ ಖಳನಾಯಕನ ಬಾಯಿಯಿಂದಲೂ ಅವಳು ಕೇಳಿರಲಿಲ್ಲ. ಅಪ್ಪ ಹೊರಗೆ ಬಂದ. ಅವನ ಮುಖ ನೋಡಿ ಅವಳ ನಗು ಅಲ್ಲಿಯೇ ನಿಂತಿತು.

ಮರುದಿನ ಕಾರ್ಡಿಲ್ಲದೆಯೇ ಬಸ್ಸು ಹತ್ತಿದರು. ಔರಾದದಲ್ಲಿ ಬಸ್ಸು ಬದಲಿಸಿ ಬೀದರ ಮುಟ್ಟುವಷ್ಟರಲ್ಲಿ ಸಾನಿಕಾಳ ಮೊಣಕಾಲು ಒಳಗೊಳಗೇ ಯಾರೋ ತಿರುಪು ಹಾಕಿ ಬಿಗಿದಂತೆ ನೋಯುತ್ತಿತ್ತು. ಬ್ಲಡ್ ಬ್ಯಾಂಕಿನ ಖಿಡಕಿಯಲ್ಲಿ ಕೂತವನು ಎಂದಿನಂತೆ ಕೈಚಾಚಿದ.

"ಕಾರ್ಡ್?"

"ಈ ಸಲ ಇಲ್ರಿ ಸಾಹೇಬ."

"ರಕ್ತ ಕೊಡಾವ?"

"ನಾನು ಈಗೀಗ ಕೊಟ್ಟೀನ್ರಿ. ಮತ್ತ ಇಷ್ಟು ಜಲ್ದಿ ತಗೊಳಂಗಿಲ್ಲಂತ ನೀವೇ ಹೇಳಿದ್ರಿ."

"ಹಂಗಾರ ನಾ ಏನ್ ನನ್ನ ಕೈ ಕೊಯ್ದು ಕೊಡ್ಲೇನು? ನಡಿ."

ಸಾನಿಕಾ ಖಿಡಕಿಯ ಮೇಲಿನ ಬೋರ್ಡನ್ನು ನೋಡಿದಳು. ಗಂಟಲು ಸರಿಮಾಡಿಕೊಂಡು, ಕೋರ್ಟಿನ ಸೀನಿನಲ್ಲಿ ವಕೀಲರು ಓದುವ ಹಾಗೆ ಗಟ್ಟಿಯಾಗಿ ಓದಿದಳು. ಸಾಲಿನಲ್ಲಿ ನಿಂತವರೆಲ್ಲ ಕಿವಿಗೊಟ್ಟರು. 'ಬದಲಿ ರಕ್ತವಿಲ್ಲದೆ, ಉಚಿತವಾಗಿ' ಎಂಬಲ್ಲಿ ನಿಲ್ಲಿಸಿ ಖಿಡಕಿಯವನ ಕಡೆ ಬೆರಳು ಮಾಡಿದಳು.

"ಬೋರ್ಡ್ ಕೊಡ್ತೇನಿ ಅಂತದೇನು? ಹಂಗಾರ ಬೋರ್ಡಿಗೇ ಕೇಳು."

"ಬೋರ್ಡಿಗಿ ಕೈ ಇಲ್ರಿ ಕಾಕಾ. ಅದಕ್ಕ ನಿಮ್ಮನ್ನ ಕೂಡಿಸ್ಯಾರ."

ಸಾಲಿನಲ್ಲಿ ಯಾರೋ ನಕ್ಕರು. ಆತ ಎದ್ದು, ಸ್ಟೂಲಿನ ಮೇಲೆ ಹತ್ತಿ, ಬೋರ್ಡನ್ನು ಮೊಳೆಯಿಂದ ತೆಗೆದು, ಮುಖ ಗೋಡೆಗೆ ಮಾಡಿ ತಿರುಗಿ ತೂಗುಹಾಕಿದ. ಕೈ ಝಾಡಿಸಿಕೊಂಡು ಕೂತ.

"ಹಾಂ, ಈಗ ಓದು."

"ಡಾಕ್ಟರ್ ಸಾಹೇಬ್ರಿಗಿ ಕಾಣ್ತೇವ್ರಿ," ನಾಗಸೇನ ಅಂದ.

"ಸಾಹೇಬ್ರು ಎಲ್ಲದಾರ? ನಿಮ್ಮ ಮಾಲಕರ ಕ್ಯಾಂಪಿನ ತಯಾರಿಗಿ ಡಾಬಕಾಕ್ಕೇ ಹೋಗ್ಯಾರ."

ಅಪ್ಪ ಮಗಳು ಡಾಬಕಾದಿಂದ ಬೀದರಿಗೆ ಬಂದಿದ್ದರು, ಬೀದರ ಡಾಬಕಾಕ್ಕೆ ಹೋಗಿತ್ತು.

*

ವಾರ ಕಳೆಯಿತು. ಸಾನಿಕಾಳ ಕಣ್ಣು ಹಳದಿಯಾದವು. ಸುಭದ್ರಾಬಾಯಿ ಹಂಚಿನ ಮೇಲೆ ಬಟ್ಟೆ ಕಾಯಿಸಿ ಮೊಮ್ಮಗಳ ಮೊಣಕಾಲಿಗೆ ಒತ್ತಿದಳು, ಒತ್ತುತ್ತ ಮಾಲಕರ ಏಳು ತಲೆಮಾರಿನ ಹೆಸರು ಹಿಡಿದು ಬೈದಳು.

"ಆಯಿ, ಮ್ಯೂಟ್ ಮಾಡು. ಸೆನ್ಸಾರ್ ಆಗ್ತದ," ಸಾನಿಕಾ ಅನ್ನುತ್ತಿದ್ದಳು.

ಎಡಗೈಯ ಬೆರಳ ತುದಿಗಳು ಜುಮುಗುಡತೊಡಗಿದ್ದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಮತ್ತೆ ಆ ಕಾಲ ಹತ್ತಿರ ಕೂರುತ್ತಾನೆ.

ಶಿಬಿರದ ಹಿಂದಿನ ದಿನ ಅಜಿಂಕ್ಯ ಕೇರಿಗೇ ಬಂದ. ಅವಳ ಮುಖ ನೋಡಿ ಅವನಿಗೆ ಹಬ್ಬವಾಯಿತು. "ವಾಹ್! ಏನ್ ಲುಕ್ ಅದ! ಪೌಡರ್ ಕಂಪನಿ ಬಂದ್ ಮಾಡಬೇಕು." ಮೈಕಿನಲ್ಲಿ ಹೇಳಬೇಕಾದ ಮಾತು ಕಲಿಸಿದ. ಅವಳು ಒಂದೇ ಸಲಕ್ಕೆ ಬಾಯಿಪಾಠ ಮಾಡಿದಳು.

"ಅಜಿಂಕ್ಯ ಅಣ್ಣಾ, ಮಾಲಕರು ಮಲಗೋ ಮಂಚದ ಪಕ್ಕ ನನ್ನ ನಿಂದರಸ್ರಿ. ಮಾಲಕರು, ರಕ್ತದ ಚೀಲ, ನಾನು, ಮೂರೂ ಒಂದೇ ಫ್ರೇಮಿನಾಗ ಬಂದ್ರ ಪಬ್ಲಿಕ್ ಹುಚ್ಚೇಳ್ತದ."

ಅಜಿಂಕ್ಯ ಅವಳನ್ನು ಬೆರಗಿನಿಂದ ನೋಡಿದ. "ಪೋರಿಗಿ ಸೆನ್ಸ್ ಅದಪ್ಪ."

*

ಮರುದಿನ ಮಾಲಕರ ಕೊರಳಲ್ಲಿ ಹೂವಿನ ಹಾರವಿರಲಿಲ್ಲ. ಅದೂ ಅಜಿಂಕ್ಯನ ತಲೆ. ಕೇರಿಯವರ ಕಾರ್ಡುಗಳನ್ನೆಲ್ಲ ಖಾನೆಯಿಂದ ತೆಗೆಸಿ, ದಾರಕ್ಕೆ ಪೋಣಿಸಿ, ಹಾರ ಮಾಡಿಸಿದ್ದ. ಮಾಲಕರು ಕೊರಳ ತುಂಬ ಬೇರೆಯವರ ರಕ್ತದ ಕಾರ್ಡು ಹಾಕಿಕೊಂಡು ಮಂಚದ ಮೇಲೆ ಒರಗಿದ್ದರು. ಪಕ್ಕದ ಸ್ಟ್ಯಾಂಡಿನ ಮೇಲೆ ಕೆಂಪು ಚೀಲ ತೂಗುತ್ತಿತ್ತು. ಬೆಂಗಳೂರಿನ ಸಾಹೇಬರು ಕುರ್ಚಿಯಲ್ಲಿ, ಅವರ ಬಲಕ್ಕೆ ಶಾಲು ಹೊದ್ದ ಜೋಯಿಸರು. ಕೆಳಗಿನ ಮಂಚಗಳ ಮೇಲೆ ಕೇರಿಯ ಗಂಡಸರು ಹೆಂಗಸರು ತೋಳು ಮಡಚಿ ಸೂಜಿಗೆ ಕಾದಿದ್ದರು. ಬೀದರಿನಿಂದ ವ್ಯಾನು ತಂದಿದ್ದ ಅಜರ, ಅದೇ ಬ್ಲಡ್ ಬ್ಯಾಂಕಿನವನು, ಖಿಡಕಿಯವನಲ್ಲ, ಒಳಗಿನವನು, ಸೂಜಿಯ ಟ್ರೇ ಹಿಡಿದು ನಿಂತಿದ್ದ. ತಿಂಗಳು ತಿಂಗಳು ಸಾನಿಕಾಳಿಗೆ ಚೀಲ ತಂದುಕೊಡುತ್ತಿದ್ದವನು ಅವನು. ಅವಳ ಕಣ್ಣು ನೋಡುತ್ತಲೇ ಅವನ ಮುಖ ಇಳಿಯಿತು.

"ಯಾ ಅಲ್ಲಾ, ಹೀರೋಯಿನ್, ಯಾಕ ಬರಲಿಲ್ಲ ನೀ?"

"ಡೇಟ್ಸ್ ಕ್ಲ್ಯಾಶ್ ಆತು, ಅಜರ ಮಾಮಾ."

ಅಜಿಂಕ್ಯ ಕೈಯೆತ್ತಿ ಸನ್ನೆ ಮಾಡಿದ. ಲೈವ್ ಶುರುವಾಯಿತು. ಸಾನಿಕಾ ಬಲಗೈಯಲ್ಲಿ ಮೈಕು ಹಿಡಿದಳು.

"ನಾ ಬದುಕಿದ್ದು ಮಾಲಕರ ರಕ್ತದಿಂದ." ಚಪ್ಪಾಳೆ. "ಈ ಮೈಯಾಗ ಹರಿಯೋ ಒಂದೊಂದು ಹನಿ ಮಾಲಕರದು." ಇನ್ನೂ ಜೋರು ಚಪ್ಪಾಳೆ. ಮಾಲಕರು ಕಣ್ಣು ಮುಚ್ಚಿ ತ್ಯಾಗಮಯಿಯಾದರು.

ಕಲಿಸಿದ ಮಾತು ಅಲ್ಲಿಗೆ ಮುಗಿದಿತ್ತು. ಸಾನಿಕಾ ಮೈಕು ಬಿಡಲಿಲ್ಲ.

"ಆದ್ರ ಮಾಲಕ, ನನ್ನ ತಾರೀಖು ಮೀರಿ ವಾರ ಆತು. ನಾ ಒಣಗಲಿ ಅಂತ ಕಾರ್ಡ್ ಇಟ್ಕೊಂಡೀರಿ. ಕಾರ್ಡ್ ನಿಮ್ಮ ಕೊರಳಾಗ, ರಕ್ತ ನಿಮ್ಮ ಚೀಲದಾಗ, ರೋಗಿ ನಿಮ್ಮ ಬಾಜೂಕ. ನಡುವ ಬೀದರ ಯಾಕ್ರಿ? ಡೈರೆಕ್ಟ್ ಆಗಲಿ!"

ಸ್ಟ್ಯಾಂಡಿನಿಂದ ಚೀಲ ಕಿತ್ತು, ನಳಿಗೆಯನ್ನು ಹಲ್ಲಿನಿಂದ ಹರಿದು, ಬಾಯಿಗಿಟ್ಟು ಗಟಗಟ ಕುಡಿದಳು.

ಕೆಂಪು ಅವಳ ಗದ್ದದಿಂದ ಇಳಿದು ಫ್ರಾಕಿನ ಮೇಲೆ ಹರಿಯಿತು. ಮುಂದಿನ ಸಾಲಿನ ಒಬ್ಬ ದಪ್ಪ ಹೆಂಗಸು ಕುರ್ಚಿಯ ಸಮೇತ ಬಿದ್ದಳು. ಸಾಹೇಬರ ಬಂದೂಕಿನ ಪೊಲೀಸನು ಅವರದೇ ಬೆನ್ನ ಹಿಂದೆ ಸರಿದ.

"ಶಿವ ಶಿವಾ!" ಜೋಯಿಸರು ಎದ್ದರು. "ಹೊಲಗೇರಿ ಪೋರಿ ಮಾಲಕರ ರಕ್ತ ಕುಡದ್ಲು! ಮಾಲಕರ, ನಿಮಗ ಮೈಲಿಗಿ ಆತು! ವಾಡೇಕ್ಕ ಹೋಗಬ್ಯಾಡ್ರಿ! ಶುದ್ಧಿ ಆಗೋತನಾ ದೇವರ ಮನಿಗಂತೂ ಕಾಲು ಇಡಂಗಿಲ್ಲ!"

"ಅಲ್ರಿ, ಅದು ರಕ್ತ ಅಲ್—" ಮಾಲಕರು ಏಳಲು ಹೋದರು. ಅಜಿಂಕ್ಯ ಹಾರಿ ಬಂದು ಅವರ ಬಾಯಿ ಮುಚ್ಚಿದ. "ಕಾಕಾ, ಲೈವ್ ಅದ!"

ಮಾಲಕರು ಸಾಹೇಬರನ್ನು ನೋಡಿದರು, ಜೋಯಿಸರನ್ನು ನೋಡಿದರು. ರಕ್ತವೆಂದರೆ ಜಾತಿ ಹೋಯಿತು, ಶರಬತ್ತೆಂದರೆ ಟಿಕೇಟು ಹೋಯಿತು.

ಸಾನಿಕಾ ಚೀಲ ಇಳಿಸಿದಳು. ತೋಳಿನಿಂದ ಬಾಯಿ ಒರೆಸಿಕೊಂಡು, ನಾಲಿಗೆ ಚಪ್ಪರಿಸಿ, ಮೈಕಿನಲ್ಲಿ ಅಂದಳು:

"ಸಕ್ಕರಿ ಕಮ್ಮಿ ಆಗ್ಯಾದ."

ಮೊದಲು ನಕ್ಕವಳು ಸುಭದ್ರಾಬಾಯಿ. ಬೊಚ್ಚು ಬಾಯಿಯ ಆ ನಗೆ ಮಂಚದಿಂದ ಮಂಚಕ್ಕೆ ಹಾರಿತು. ಕೇರಿಗೆ ಕೇರಿಯೇ ಎದ್ದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಇಳಿದ ಮೇಲೆ ಯಾರೂ ಮತ್ತೆ ಮಲಗಲಿಲ್ಲ. ಮಡಚಿದ ತೋಳುಗಳನ್ನು ಇಳಿಸಿಕೊಂಡು ವೇದಿಕೆಯ ಕಡೆ ನಡೆದರು.

"ಮೊದಲ ಮಾಲಕರು ಕೊಡಲಿ," ಒಬ್ಬ ಅಂದ.

"ಹೌದ್ರಿ, ಅವರ ಹಬ್ಬ, ಅವರದೇ ಬೋಣಿ," ಇನ್ನೊಬ್ಬಳು.

ಬೆಂಗಳೂರಿನ ಸಾಹೇಬರು ಕ್ಯಾಮೆರಾದ ಕಡೆ ಒಂದು ಕಣ್ಣಿಟ್ಟು, "ಕೊಟ್ಬಿಡಿ ಮಕರಂದರಾವ್, ಒಂದು ಚೀಲ ತಾನೇ, ಜನ ನೋಡ್ತಿದಾರೆ," ಅಂದರು.

ಅಜರ ತಡಮಾಡಲಿಲ್ಲ. ಹೊಸ ಪೊಟ್ಟಣ ಹರಿದು ಸೂಜಿ ತೆಗೆದ. "ಆವೋ ಮಾಲಕ್, ಕೈ ಚಾಚ್ರಿ. ಇದು ಖರೇ ಸೂಜಿ ಅದ, ಒಂದೀಟು ಹರಿತ ಇರ್ತದ."

ಸಾನಿಕಾ ಬಗ್ಗಿ ಮಾಲಕರ ಕಿವಿಯಲ್ಲಿ ಅಂದಳು: "ಮಾಲಕ, ಫೋಟೋಕ್ಕ ಒಂದೀಟು ಕೆಮ್ಮ್ರಿ. ಛಂದ ಕಾಣ್ತಾದ."

ಸೂಜಿ ಮುಟ್ಟಲೂ ಇಲ್ಲ. ಅದು ಬಿಸಿಲಿಗೆ ಒಮ್ಮೆ ಮಿನುಗಿದ್ದೇ ಮಾಲಕರು ಕರು ಕಳಕೊಂಡ ಎಮ್ಮೆಯ ಹಾಗೆ ಒಂದು ದನಿ ತೆಗೆದು, ಕಣ್ಣು ತಿರುಗಿಸಿ ಬಿದ್ದರು.

ಸುಭದ್ರಾಬಾಯಿ ವೇದಿಕೆ ಹತ್ತಿದಳು. ಜನ್ಮದಲ್ಲಿ ಮೊದಲ ಸಲ ಮಾಲಕರ ಎದೆಯ ಮೇಲೆ ಕೈಯಿಟ್ಟಳು. ಹಾರದಲ್ಲಿ ಹುಡುಕಿದಳು. ಓದಲು ಬಾರದು, ಆದರೆ ತನ್ನ ಕಾರ್ಡಿನ ಮೂಲೆಗೆ ರಕ್ತ ಕೊಟ್ಟ ದಿನವೇ ಅರಿಷಿಣದ ಬೊಟ್ಟು ಇಟ್ಟಿದ್ದಳು. ಪಟ್ಟನೆ ಕಿತ್ತಳು.

"ನಂದು ನಾ ಒಯ್ತೇನ್ರಿ ಮಾಲಕ. ನೀವು ಮಕ್ಕೋರಿ."

ಆಮೇಲೆ ಒಬ್ಬೊಬ್ಬರಾಗಿ ಬಂದರು. ಯಾರೂ ನೂಕಾಡಲಿಲ್ಲ. ಸಾಲು ಹಿಡಿದು ಹತ್ತಿ, ಬಗ್ಗಿ, ಹೆಸರು ನೋಡಿ ಕಿತ್ತು, ಕಿತ್ತದ್ದನ್ನು ಸಾನಿಕಾಳ ಉಡಿಯಲ್ಲಿ ಹಾಕಿ ಇಳಿದರು. ಕೊನೆಗೆ ಮಾಲಕರ ಕೊರಳಲ್ಲಿ ಬರೀ ದಾರ ಉಳಿಯಿತು.

"ಬೈಠೋ, ಜಲ್ದಿ," ಅಜರ ವ್ಯಾನಿನ ಬಾಗಿಲು ತೆರೆದ. "ನೌಕರಿ ಹೆಂಗೂ ಹೋತು. ಗಾಡಿಯಾದ್ರೂ ಬೀದರಿಗಿ ಹೋಗಲಿ."

ನಾಗಸೇನ ಮಗಳನ್ನು ಎತ್ತಿಕೊಂಡು ಓಡಿದ. ಅಜಿಂಕ್ಯ ಕ್ಯಾಮೆರಾ ಬಿಟ್ಟು ಮೊಬೈಲ್ ಹಿಡಿದು ಹಿಂದೆಯೇ ಓಡಿ ಬಂದ. ಕಾಕಾ ಬಿದ್ದಲ್ಲೇ ಬಿದ್ದಿದ್ದರು. ಆದರೆ ಲೈವಿಗೆ ಇಂಥ ಜನ ಎಂದೂ ಬಂದಿರಲಿಲ್ಲ. "ಒಂದು ಡೈಲಾಗ್ ಸಾನಿಕಾ, ಒಂದೇ ಡೈಲಾಗ್! ಕಾರ್ಡ್ ಎತ್ತಿ ಹಿಡಿ!"

ಸಾನಿಕಾ ವ್ಯಾನಿನ ಬಾಗಿಲಲ್ಲಿ ತಿರುಗಿದಳು. ಕೂದಲು ಹಿಂದಕ್ಕೆ ಒಗೆದಳು. ಎಡಗೈಯಲ್ಲಿ ಕಾರ್ಡುಗಳನ್ನು ಎತ್ತಿದಳು.

"ಸಾನಿಕಾ ಎಂಟ್ರಿ ಕೊಟ್ಟಳಂದ್ರ..."

ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಕಾರ್ಡುಗಳು ಒಂದೊಂದಾಗಿ ಮಣ್ಣಿಗೆ ಬಿದ್ದವು. ಅವಳು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಉಳಿದ ಮಾತು ಬಾಯಿಗೆ ಬಂದಿತ್ತು, ಬಾಯಿ ಒಂದು ಕಡೆ ಮಾತ್ರ ತೆರೆಯಿತು. ಅದರಿಂದ ಜೊಲ್ಲಿನ ಜೊತೆ ಗುಲಾಬಿ ಶರಬತ್ತು ಇಳಿಯಿತು.

"ವಾಹ್!" ಅಜಿಂಕ್ಯ ಉಸಿರು ಬಿಗಿಹಿಡಿದ. "ನ್ಯಾಚುರಲ್! ಹಂಗೇ ಇರು, ಹಂಗೇ, ಅಲುಗಾಡಬ್ಯಾಡ..."

ನಾಗಸೇನ ಮಗಳನ್ನು ಸೀಟಿನ ಮೇಲೆ ಮಲಗಿಸಿ ಇಳಿದು ಬಂದ. ಕೈಮುಗಿಯಲಿಲ್ಲ. ಅಜಿಂಕ್ಯನ ಕೈಯಿಂದ ಮೊಬೈಲ್ ಕಿತ್ತು, ಅದು ಇನ್ನೂ ಲೈವ್ ಓಡುತ್ತಿರುವಾಗಲೇ, ವ್ಯಾನಿನ ಮುಂದಿನ ಗಾಲಿಯ ಕೆಳಗೆ ಮೇಲ್ಮುಖವಾಗಿ ಇಟ್ಟ. ಬಿದ್ದ ಕಾರ್ಡುಗಳನ್ನು ಬಾಚಿಕೊಂಡು ಹತ್ತಿದ.

"ಬಿಡ್ರಿ ಅಜರಭಾಯಿ."

ಟಕ್ ಎಂದಿತು.

ಔರಾದದ ಕಡೆಗಿನ ರಸ್ತೆಯ ತಗ್ಗುಗಳಲ್ಲಿ ಖಾಲಿ ಚೀಲಗಳ ಪೆಟ್ಟಿಗೆ ಎಗರಿ ಎಗರಿ ಬೀಳುತ್ತಿತ್ತು. ಸಾನಿಕಾಳ ಕಣ್ಣು ಅಪ್ಪನ ಮುಖದ ಮೇಲಿತ್ತು. ತುಟಿ ಅದೇ ಮಾತಿಗಾಗಿ ಮತ್ತೆ ಮತ್ತೆ ಒದ್ದಾಡುತ್ತಿತ್ತು. ಜನ್ಮದಲ್ಲಿ ಒಂದೂ ಡೈಲಾಗು ಹೊಡೆಯದ ನಾಗಸೇನ ಆ ಸತ್ತ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ತೊದಲುತ್ತ ಅಂದ:

"ಸಾವಿಗಿ... ಇಂಟರ್ವಲ್, ಬೇಟಾ. ಇಂಟರ್ವಲ್."

ಎದುರಿನಿಂದ ಮಾಲಕರ ಹುಟ್ಟುಹಬ್ಬಕ್ಕೆ ಮಂದಿ ತುಂಬಿಕೊಂಡು ಟ್ರ್ಯಾಕ್ಟರುಗಳು ಬರುತ್ತಿದ್ದವು. ಯಾವುದೂ ದಾರಿ ಬಿಡಲಿಲ್ಲ. ಅಜರ ಹಾರ್ನಿನ ಮೇಲೆ ಒತ್ತಿದ ಕೈಯನ್ನು ತೆಗೆಯಲೇ ಇಲ್ಲ.